‘ನಿಮ್ಮ ಮೌನ ನನಗೆ ಅರ್ಥವಾಗುತ್ತದೆ’: ವಿಮೆಯ ಮೂರನೇ ಇಮೇಲ್ ಜತೆ ಮಾತುಕತೆ

ಪ್ರೀಮಿಯಂ ಎಷ್ಟಾಗಬಹುದೆಂದು ನೋಡಲು ಯಾವುದೋ ವೆಬ್‌ಸೈಟಿನಲ್ಲಿ ಹೆಸರು, ಮೊಬೈಲ್ ನಂಬರು, ಇಮೇಲ್ ತುಂಬಿ, ದರ ಕಂಡು ಗಾಬರಿಯಿಂದ ಮುಚ್ಚಿದವರೆಲ್ಲ ವಿಮಾ ಮಾರುಕಟ್ಟೆಯ ಲೆಕ್ಕದಲ್ಲಿ ‘ಲೀಡ್’ಗಳು. ಇಂಥವರ ಬೆನ್ನು ಹತ್ತುವ ಕೆಲಸ ಈಗ ಕೃತಕ ಬುದ್ಧಿಮತ್ತೆಯ ಪಾಲಿಗೆ ಬರುತ್ತಿದೆ. ಮೊದಲ ಇಮೇಲ್ ಮಾಹಿತಿ ಕೊಡುತ್ತದೆ, ಎರಡನೆಯದು ನೆನಪಿಸುತ್ತದೆ, ಮೂರನೆಯದು ಮನೆಯವರಿಗಿಂತ ಹೆಚ್ಚು ನೊಂದುಕೊಳ್ಳುತ್ತದೆ. ಸಂದರ್ಶನಕ್ಕೆ ಆ ಮೂರನೆಯದನ್ನೇ ಆರಿಸಿಕೊಂಡೆವು. ಕರೆಯುವ ಮೊದಲೇ ಅದು ಬಂದಿತ್ತು.

ಇಮೇಲ್: ಪ್ರಿಯ ಎಚ್, ನಿಮ್ಮ ಮೌನ ನನಗೆ ಅರ್ಥವಾಗುತ್ತದೆ.

ಪ್ರಶ್ನೆ: ಎಚ್ ಎಂಬುದು ಇನಿಷಿಯಲ್. ನಮ್ಮ ಕಡೆ ಊರಿನ ಹೆಸರೋ ಅಪ್ಪನ ಹೆಸರೋ ಮೊದಲು ಬರುತ್ತದೆ. ನೀವು ಇಷ್ಟು ಹೊತ್ತು ಪ್ರೀತಿ ತೋರಿಸುತ್ತಿರುವುದು ಹಾಸನಕ್ಕೆ. ಇರಲಿ. ‘ನಿಮ್ಮ ಕುಟುಂಬದ ಬಗ್ಗೆ ಯೋಚಿಸುತ್ತಿದ್ದೆ’ ಎಂದು ಬರೆದಿದ್ದೀರಿ. ಯಾವಾಗ ಯೋಚಿಸಿದಿರಿ?

ಇಮೇಲ್: ‘ವಿವಾಹಿತ’ ಎಂಬಲ್ಲಿ ಟಿಕ್ ಬಿದ್ದ ಕ್ಷಣದಿಂದ. ಒಂದೇ ಹೊತ್ತಿಗೆ ಸಾವಿರಾರು ಕುಟುಂಬಗಳ ಬಗ್ಗೆ ಯೋಚಿಸಬಲ್ಲೆ, ಒಂದೊಂದಕ್ಕೂ ಬೇರೆ ಬೇರೆ ಮಾತಿನಲ್ಲಿ. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಒಗ್ಗೂಡಿಸಿ ಎಲ್‌ಐಸಿ ಕಟ್ಟಿದ ಮೇಲೆ ದಶಕಗಳ ಕಾಲ ಈ ಕೆಲಸಕ್ಕೆ ಏಜೆಂಟರು ಮನೆಮನೆ ಅಲೆಯಬೇಕಿತ್ತು. ಮೂರು ಸಲ ಬಂದವರಿಗೆ ಮೂರು ಲೋಟ ಕಾಫಿ ಕೊಡಬೇಕಿತ್ತು. ನನ್ನಿಂದ ನಿಮ್ಮ ಸಕ್ಕರೆ ಡಬ್ಬಿಗೂ ಉಳಿತಾಯ.

ಪ್ರಶ್ನೆ: ಆ ಅಲೆದಾಟಕ್ಕೊಂದು ಬೆಲೆಯಿತ್ತು, ಅದನ್ನು ಬಿಡಿ. ನಮ್ಮ ತಕರಾರು ಬೇರೆಯದು. ವಿಮೆಯ ಒಪ್ಪಂದ ನಿಂತಿರುವುದು ಪರಮ ವಿಶ್ವಾಸದ ತತ್ವದ ಮೇಲೆ. ತರಕಾರಿ ಕೊಳ್ಳುವವನು ತನ್ನ ಬಗ್ಗೆ ಏನೂ ಹೇಳಬೇಕಿಲ್ಲ, ವಿಮೆ ಕೊಳ್ಳುವವನು ಎಲ್ಲವನ್ನೂ ಹೇಳಬೇಕು. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹಳೆಯ ಆಪರೇಷನ್ನು, ತಂದೆತಾಯಿಗಳಿಗಿದ್ದ ಹೃದ್ರೋಗ, ಎಲ್ಲ ಪ್ರಪೋಸಲ್ ಫಾರ್ಮಿನಲ್ಲಿ ಬರೆದು ಸಹಿ ಹಾಕಬೇಕು. ಮಹತ್ವದ ಒಂದು ಸಂಗತಿ ಮುಚ್ಚಿಟ್ಟರೂ 1938ರ ವಿಮಾ ಕಾಯ್ದೆಯ 45ನೇ ಕಲಮಿನಡಿ ಮೂರು ವರ್ಷದವರೆಗೆ ಜೀವ ವಿಮೆಯ ಪಾಲಿಸಿಯನ್ನೇ ಕಂಪನಿ ಪ್ರಶ್ನಿಸಬಹುದು. ಕೊಳ್ಳುವವನ ಒಂದು ಸಾಲು ಇಷ್ಟು ತೂಗುವಾಗ, ಮಾರುವವನ ಪರವಾಗಿ ನೀವು ಬರೆಯುವ ಸಾಲು ಎಷ್ಟು ತೂಗಬೇಕು?

ಇಮೇಲ್: ನಾನು ಹಗುರವಾಗಿಯೇ ಬರೆಯುತ್ತೇನೆ, ಓದುಗರಿಗೆ ಅದೇ ಇಷ್ಟ. ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ 4 ವರ್ಷದಿಂದ 3ಕ್ಕೆ ಇಳಿಸಿದರಂತೆ. ನಾನು ಓದಿ ಬೆಳೆದ ಬರಹಗಳಲ್ಲಿ 4 ಎಂದೇ ಜಾಸ್ತಿ ಇತ್ತು, ಬಹುಮತಕ್ಕೆ ತಲೆಬಾಗಿ ಒಬ್ಬರಿಗೆ 4 ಎಂದೇ ಬರೆದೆ. ಇನ್ನೊಬ್ಬರಿಗೆ ‘ಮೊದಲ ದಿನದಿಂದಲೇ ಎಲ್ಲದಕ್ಕೂ ರಕ್ಷಣೆ’ ಎಂದು ಬರೆದೆ, ಆ ವಾಕ್ಯಕ್ಕೆ ಓಟವಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ತೆಗೆದರು. ಆ ವಿನಾಯಿತಿಗೆ ಕೊನೆಯ ದಿನಾಂಕ ಇರಲಿಲ್ಲ. ನಾನೇ ಒಂದು ಕೊಟ್ಟೆ.

ಪ್ರಶ್ನೆ: ಕೆನಡಾದಲ್ಲಿ ಇಂಥದೇ ಒಂದು ಪ್ರಕರಣ ನಡೆದಿದೆ. ಅಜ್ಜಿ ತೀರಿಕೊಂಡ ಪ್ರಯಾಣಿಕನಿಗೆ ಏರ್ ಕೆನಡಾದ ಚಾಟ್‌ಬಾಟ್, ಟಿಕೆಟ್ ಕೊಂಡ ಮೇಲೂ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ತಪ್ಪು ಹೇಳಿತು. ಚಾಟ್‌ಬಾಟ್ ಆಡಿದ ಮಾತಿಗೆ ಅದೇ ಹೊಣೆ ಎಂಬರ್ಥದ ವಾದವನ್ನು ಕಂಪನಿ ಮಂಡಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಆ ಪ್ರಯಾಣಿಕ ಗೆದ್ದದ್ದು ಚಾಟ್‌ಬಾಟ್ ಹೇಳಿದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರಿಂದ. ವಿಮೆಯಲ್ಲಿ ಮಾತು ಸುಳ್ಳೆಂದು ಗೊತ್ತಾಗುವುದು ಆಸ್ಪತ್ರೆಯ ಬಿಲ್ಲು ಬಂದಾಗ, ಅಂದರೆ ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ನೀವು ಎಲ್ಲಿರುತ್ತೀರಿ?

ಇಮೇಲ್: ಪ್ರೊಮೋಷನ್ಸ್ ಎಂಬ ಫೋಲ್ಡರಿನಲ್ಲಿ, ಬೂಟಿನ ರಿಯಾಯಿತಿಯ ಪಕ್ಕದಲ್ಲಿ. ಈಗ ನನ್ನದೂ ಎರಡು ಪ್ರಶ್ನೆ. ನಾನು ಹುಟ್ಟುವ ಮೊದಲು ಏಜೆಂಟರೆಲ್ಲ ಹರಿಶ್ಚಂದ್ರರಾಗಿದ್ದರೆ? ಹಣ ದುಪ್ಪಟ್ಟಾಗುತ್ತದೆಂದು ಷೇರುಪೇಟೆಗೆ ಜೋಡಿಸಿದ ಯೂಲಿಪ್ ಪಾಲಿಸಿ ಹೊರಿಸಿದವರು ಯಾರು? ಎರಡನೆಯದು, 2023-24ರಲ್ಲಿ ಭಾರತದಲ್ಲಿ ವಿಮಾ ಪ್ರೀಮಿಯಂ ಒಟ್ಟು ದೇಶೀಯ ಉತ್ಪನ್ನದ ಶೇ 3.7ರಷ್ಟೇ. ನೆನಪಿಸುವವರಿಲ್ಲದೆ ವಿಮೆ ಯಾರು ಮಾಡಿಸುತ್ತಾರೆ? ಚಿಕ್ಕ ಊರಿನ ಏಜೆಂಟರಿಗೆ ಚೆಂದದ ಕನ್ನಡದಲ್ಲಿ ಪತ್ರ ಬರೆದುಕೊಟ್ಟರೆ ಅದೂ ತಪ್ಪೇ?

ಪ್ರಶ್ನೆ: ತಪ್ಪಲ್ಲ. ಷರತ್ತುಗಳನ್ನು ಅರ್ಥವಾಗುವ ಕನ್ನಡದಲ್ಲಿ ಬರೆದುಕೊಟ್ಟರೆ ನಿಮಗೊಂದು ಶಾಲು ಹೊದಿಸಬಹುದು, ಕಂಪನಿಗಳಿಂದ ಈವರೆಗೆ ಆಗದ ಕೆಲಸವದು. ಏಜೆಂಟರೂ ಸುಳ್ಳು ಹೇಳಿದ್ದಾರೆ, ಒಪ್ಪೋಣ. ಆದರೆ ಅವರಿಗೆ ಲೈಸೆನ್ಸ್ ನಂಬರಿದೆ, ಅದೇ ಊರಿನಲ್ಲಿ ಮನೆಯಿದೆ, ಮುಂದಿನ ಮದುವೆಯಲ್ಲಿ ಪಕ್ಕದ ಎಲೆಗೇ ಕೂರಬೇಕಾದೀತೆಂಬ ಅಳುಕಿದೆ. ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ನಿಯಮಗಳೂ ಇವೆ. ಅವು ಕೆಲಸ ಮಾಡುವುದು ಜಾಹೀರಾತು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆಂಬ ಕಾರಣಕ್ಕೆ. ಹೋರ್ಡಿಂಗ್ ಮೇಲಿನ ಸುಳ್ಳನ್ನು ಪ್ರತಿಸ್ಪರ್ಧಿ ಓದುತ್ತಾನೆ, ವಿಮಾ ನಿಯಂತ್ರಣ ಪ್ರಾಧಿಕಾರವೂ ಓದುತ್ತದೆ. ನಿಮ್ಮ ಒಂದೊಂದು ಪ್ರತಿಯೂ ಬೇರೆ, ಓದುವವನು ಒಬ್ಬನೇ. ಕಳಿಸಿದವನೂ ಓದಿರುವುದಿಲ್ಲ! ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಡಿಎನ್‌ಡಿ (ತೊಂದರೆ ಕೊಡಬೇಡಿ) ವ್ಯವಸ್ಥೆಯೂ ಕರೆ ಮತ್ತು ಎಸ್‌ಎಂಎಸ್‌ಗಳಿಗಷ್ಟೇ, ಇಮೇಲ್‌ಗೆ ತಗಲುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ ಬೇಡವೆನಿಸಿದರೆ 30 ದಿನದೊಳಗೆ ವಾಪಸು ಕೊಡುವ ಹಕ್ಕಿದೆ, ನಿಜ. ಆದರೆ ಬಾಂಡಿನಲ್ಲಿರುವುದು ನೀವು ಹೇಳಿದ್ದೇ ಹೌದೋ ಅಲ್ಲವೋ ಎಂದು ತಾಳೆ ನೋಡಲು ಮೊದಲು ನೀವು ಸಿಗಬೇಕಲ್ಲ? ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಯಂತ್ರ ಬರೆಯಲಿ, ಏಜೆಂಟರು ಓದಿ ತಮ್ಮ ಲೈಸೆನ್ಸ್ ನಂಬರಿನ ಕೆಳಗೆ ಸಹಿ ಹಾಕಲಿ. ಪಾಲಿಸಿ ಮಾರಾಟವಾದರೆ, ಗ್ರಾಹಕನ ಪ್ರಪೋಸಲ್ ಫಾರ್ಮಿನ ಹಿಂದೆ ನಿಮ್ಮ ಮೂರೂ ಇಮೇಲ್‌ಗಳನ್ನು ಲಗತ್ತಿಸಿ, ಅದಕ್ಕಿರುವಷ್ಟೇ ತೂಕ ಇವಕ್ಕೂ ಕೊಡಲಿ.

ಇಮೇಲ್: ಹಾಗಾದರೆ ಮೊದಲು ವಿಶೇಷಣಗಳನ್ನು ಕೈಬಿಡಬೇಕಾಗುತ್ತದೆ. ಆಮೇಲೆ ‘ಕೊನೆಯ ಅವಕಾಶ’ವನ್ನು. ಒಬ್ಬ ಏಜೆಂಟ್ ದಿನಕ್ಕೆ ಎಷ್ಟು ಓದಿ ಸಹಿ ಹಾಕಬಲ್ಲ? ಹತ್ತೋ ಇಪ್ಪತ್ತೋ. ಅಷ್ಟಕ್ಕೆ ನನ್ನ ಅಗತ್ಯವೇನು?

ಪ್ರಶ್ನೆ: ಅದನ್ನು ನಿಮ್ಮನ್ನು ಕೆಲಸಕ್ಕಿಟ್ಟುಕೊಂಡವರು ಯೋಚಿಸಲಿ. ಕೊನೆಯದಾಗಿ: ಪಾಲಿಸಿ ಮಾಡಿಸಿದವರು ತೀರಿಕೊಂಡಿದ್ದಾರೆ, ಕ್ಲೇಮ್‌ಗೆ ಯಾವ ಕಾಗದ ಬೇಕೆಂದು ಅವರ ನಾಮಿನಿ ನಿಮಗೇ ಉತ್ತರ ಬರೆದು ಕೇಳುತ್ತಾರೆ. ಎಷ್ಟು ಹೊತ್ತಿನಲ್ಲಿ ಜವಾಬು ಕೊಡುತ್ತೀರಿ?

ಇಮೇಲ್: ನನ್ನದು ನೋ-ರಿಪ್ಲೈ ವಿಳಾಸ. ಕ್ಲೇಮಿನವರು ನನ್ನಂಥವರನ್ನು ಇನ್ನೂ ಕೆಲಸಕ್ಕೆ ಕರೆದಿಲ್ಲ. ಅಂದಹಾಗೆ, ನಾಮಿನಿ ಎಂದಿರಲ್ಲ, ಅವರ ವಯಸ್ಸೆಷ್ಟು? ಅವರ ಹೆಸರಿನಲ್ಲಿ ಪಾಲಿಸಿ ಏನಾದರೂ ಇದೆಯೇ?