ಇಳಿಸಿ ಏರಿಸುವವಳು

ಇಟಲಿಯ ವಾಯವ್ಯ ಕರಾವಳಿಯಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರ, ಸಾನ್‌ರೆಮೊ ಎಂಬ ಊರಿದೆ. ಹೂವಿನ ಬೆಳೆಗೂ ಕ್ಯಾಸಿನೊಗೂ ಹೆಸರಾದ ಊರು. ವರ್ಷಕ್ಕೊಮ್ಮೆ, ಹೆಚ್ಚಾಗಿ ಫೆಬ್ರವರಿಯಲ್ಲಿ, ಐದು ರಾತ್ರಿ ಇಲ್ಲಿನ ಅರಿಸ್ಟನ್ ಥಿಯೇಟರಿನಲ್ಲಿ ಹಾಡಿನ ಹಬ್ಬ, ಅಂದರೆ ಹಾಡಿನ ಸ್ಪರ್ಧೆ, ನಡೆಯುತ್ತದೆ. ದೇಶಕ್ಕೆ ದೇಶವೇ ನಿದ್ದೆಗೆಟ್ಟು ಟೀವಿ ಮುಂದೆ ಕೂರುತ್ತದೆ. ಗೆದ್ದವರಿಗೆ ಮೇ ತಿಂಗಳ ಯುರೋವಿಷನ್ ಸ್ಪರ್ಧೆಯಲ್ಲಿ ಇಟಲಿಯ ಪರವಾಗಿ ಹಾಡುವ ಮೊದಲ ಹಕ್ಕು. ಹಾಡುವವರು, ನಿರೂಪಕರು, ಅತಿಥಿಗಳು ವೇದಿಕೆಗೆ ಬರಬೇಕಾದರೆ ಹಿಂದಿನ ಎತ್ತರದ ಮೆಟ್ಟಿಲು ಇಳಿಯುವುದು ಇಲ್ಲಿನ ಸಂಪ್ರದಾಯ. ಇಲ್ಲಿ ಗೆಲ್ಲುವ ಹಾಡಿನ ಆಯ್ಕೆಯ ಬಗ್ಗೆ ತೀರ್ಪುಗಾರರು, ಪತ್ರಕರ್ತರು, ಮಂತ್ರಿಗಳು ಎಲ್ಲರೂ ಮಾತಾಡಿ ಮುಗಿಸಿದ್ದಾರೆ. ಇವರೆಲ್ಲರಿಂದ ತುಳಿಸಿಕೊಂಡೂ ಈವರೆಗೆ ಬಾಯಿ ಬಿಡದವಳು ಮೆಟ್ಟಿಲಮ್ಮ ಒಬ್ಬಳೇ. ಅವಳನ್ನೇ ಮಾತಾಡಿಸಿದೆವು.

ನಮಸ್ಕಾರ ಅಮ್ಮಾ. ನಿಮಗೆಷ್ಟು ವಯಸ್ಸು?

ಯಾವ ಲೆಕ್ಕದಲ್ಲಿ ಹೇಳಲಪ್ಪಾ? ಹಬ್ಬ ಅರಿಸ್ಟನ್‌ಗೆ ಬಂದದ್ದು 1977ರಲ್ಲಿ. ಆದರೆ ವರ್ಷ ವರ್ಷವೂ ಸೆಟ್ ಹಾಕುವವರು ಬಂದು ನನ್ನನ್ನು ಕಳಚಿ ಹೊಸದಾಗಿ ಕಟ್ತಾರೆ. ಮೈ ತುಂಬ ಲೈಟು ಹಾಕ್ತಾರೆ, ಬಣ್ಣ ಬದಲಾಯಿಸ್ತಾರೆ, ಅಗಲ ಮಾಡ್ತಾರೆ, ಕಿರಿದು ಮಾಡ್ತಾರೆ. ಮಂತ್ರಿ ಬದಲಾದರೂ ಕಡತ ಹಳೇದೇ ಇರುತ್ತಲ್ಲ, ನನ್ನ ನೆನಪೂ ಹಾಗೇ.

ಎಲ್ಲ ಕಡೆ ಕಲಾವಿದರು ವೇದಿಕೆ ಹತ್ತುತ್ತಾರೆ. ಇಲ್ಲಿ ಯಾಕೆ ಇಳಿಯುತ್ತಾರೆ?

ಹತ್ತುವಾಗ ಯಾರ ಬಂಡವಾಳವೂ ಹೊರಬೀಳಲ್ಲ. ಇಳಿಯುವಾಗ ನೋಡು. ಕಾಲಲ್ಲಿ ಗೇಣುದ್ದ ಹಿಮ್ಮಡಿ, ನೆಲ ಗುಡಿಸುವ ಗೌನು, ಹಿಡಿಯೋಣ ಅಂದರೆ ಕಂಬಿ ಇಲ್ಲ. ಕೆಳಗೆ ನೋಡಿದರೆ ಹೆದರಿದಳು ಅಂತಾರೆ, ನೋಡದಿದ್ದರೆ ಮುಗ್ಗರಿಸ್ತಾಳೆ. ಇದರ ನಡುವೆ ನಗಬೇಕು, ಎದುರಿಗೆ ವಾದ್ಯವೃಂದ ನುಡಿಸ್ತಾ ಇರಬೇಕು. ನನ್ನನ್ನು ದಾಟಿ ಬಂದವರಿಗೆ ಯುರೋಪ್ ಯಾವ ಲೆಕ್ಕ?

ಈ ಹಬ್ಬ ಶುರುವಾದದ್ದು ಹೇಗೆ?

ಸಂಗೀತ ಸೇವೆಗೆ ಅಂತ ಹೇಳಿದರೆ ನಂಬಬೇಡ. ಯುದ್ಧ ಮುಗಿದಿತ್ತು, ಚಳಿಗಾಲದಲ್ಲಿ ಊರು ಖಾಲಿ. ನಾಲ್ಕು ಜನ ಬಂದು ಹೋಗಲಿ ಅಂತ 1951ರ ಜನವರಿಯಲ್ಲಿ ಕ್ಯಾಸಿನೊದೊಳಗೇ ಹಾಡಿಸಿದರು. ಬಂದವರು ಮೇಜಿನ ಮುಂದೆ ಕೂತು ತಿಂತಾ ಕುಡೀತಾ ಕೇಳಿದರು. ಹಾಡು 20, ಹಾಡೋರು ಮಾತ್ರ ನಿಲ್ಲಾ ಪಿಟ್ಸಿ, ಅಕಿಲ್ಲೆ ತೊಲ್ಯಾನಿ, ಮತ್ತೆ ಫಸಾನೊ ಅಕ್ಕತಂಗಿಯರ ಜೋಡಿ. ಇಪ್ಪತ್ತನ್ನೂ ಇವರೇ ಹಂಚಿಕೊಂಡು ಹಾಡಿದರು. ಪಿಟ್ಸಿ ಗೆದ್ದಳು. ಮರುವರ್ಷ 1952ರಲ್ಲಿ ಮೊದಲ ಸ್ಥಾನ ಪಿಟ್ಸಿ, ಎರಡನೆಯದು ಪಿಟ್ಸಿ, ಮೂರನೆಯದೂ ಪಿಟ್ಸಿ. ಆಯ್ಕೆಯಲ್ಲಿ ಅಷ್ಟು ಒಮ್ಮತ ಆಮೇಲೆ ಈ ದೇಶ ಕಂಡಿಲ್ಲ.

ಯುರೋವಿಷನ್‌ಗೆ ನೀವೇ ಮಾದರಿಯಂತೆ?

ಅಂತೆ ಕಂತೆ ಏನಿಲ್ಲ. ಯುರೋಪಿನ ಟೀವಿ ಸಂಸ್ಥೆಗಳೋರು ನಮ್ಮ ಹಬ್ಬ ನೋಡಿಯೇ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶ ಸೇರಿಸಿ ಅದನ್ನು ಶುರು ಮಾಡಿದರು. 1958ರಲ್ಲಿ ದೊಮೆನಿಕೊ ಮೊದುನ್ಯೊ ಅಂತ ಒಬ್ಬ, ನೀವೆಲ್ಲ 'ವೊಲಾರೆ' ಅಂತ ಕರೆಯೋ ಹಾಡು ಹಾಡಿ ಇಲ್ಲಿ ಗೆದ್ದ. ಯುರೋವಿಷನ್ ಅವನಿಗೆ ಮೂರನೇ ಸ್ಥಾನ ಕೊಟ್ಟಿತು. ಅದೇ ಹಾಡಿಗೆ ಅಮೆರಿಕದವರು ಮೊಟ್ಟಮೊದಲ ಗ್ರ್ಯಾಮಿಯಲ್ಲಿ ವರ್ಷದ ಹಾಡು ಅಂತ ಪ್ರಶಸ್ತಿ ಕೊಟ್ಟರು. ಅಂದಿನಿಂದ ಇಲ್ಲಿನೋರಿಗೆ ಯುರೋಪಿನ ತೀರ್ಪಿನ ಮೇಲೆ ಅಷ್ಟಕ್ಕಷ್ಟೇ.

ಈಗ ಆಯ್ಕೆ ಹೇಗೆ ನಡೆಯುತ್ತದೆ? ಸ್ವಲ್ಪ ಬಿಡಿಸಿ ಹೇಳಿ.

ಬಿಡಿಸಿದಷ್ಟೂ ಗಂಟು ಬೀಳುತ್ತೆ, ಕೇಳು. 2024ರ ಲೆಕ್ಕ: ಜನರ ಫೋನ್ ವೋಟಿಗೆ ನೂರಕ್ಕೆ 34, ಪತ್ರಕರ್ತರ ಕೊಠಡಿಗೆ 33, ರೇಡಿಯೊದೋರಿಗೆ 33. ಕೊನೇ ಸುತ್ತಿನಲ್ಲಿ ಐದು ಜನ. ನೇಪಲ್ಸಿನ ಹುಡುಗ ಜೋಲಿಯೆ, ತನ್ನೂರ ನುಡಿಯಲ್ಲೇ ಹಾಡುವವನು, ಫೋನ್ ವೋಟಿನಲ್ಲಿ ನೂರಕ್ಕೆ 60 ಬಾಚಿದ. ಆಂಜೆಲಿನಾ ಮಾಂಗೊಗೆ ಬಂದದ್ದು 16 ಚಿಲ್ಲರೆ. ಗೆದ್ದೋರು ಯಾರು?

ಜೋಲಿಯೆ?

ಆಂಜೆಲಿನಾ. ಎರಡು ಕೊಠಡಿ ಸೇರಿ ದೇಶದ ಮನೆಮನೆಯನ್ನು ಸೋಲಿಸಿದವು.

ಅಂದರೆ ಜನಮತಕ್ಕೆ ಬೆಲೆಯಿಲ್ಲ.

ಇದೆಯಲ್ಲ, ನೂರಕ್ಕೆ 34! ನೀನು ಜೋಲಿಯೆ ಪರ ಅನ್ನಿಸುತ್ತೆ, ಅದಕ್ಕೇ ಆವೇಶ. ಆಂಜೆಲಿನಾ ಪರ ಇದ್ದಿದ್ದರೆ, ಒಬ್ಬನೇ ಹತ್ತು ಸಿಮ್ಮು ಇಟ್ಟುಕೊಂಡು ಒತ್ತೋರ ಕೈಗೆ ಹಾಡು ಕೊಡಬಾರದು, ಕಿವಿ ಪಳಗಿದವರೂ ಬೇಕು ಅಂತ ನೀನೇ ಭಾಷಣ ಬಿಗಿಯುತ್ತಿದ್ದೆ. ಇಲ್ಲಿ ನಿಯಮದ ಬಗ್ಗೆ ಯಾರಿಗೂ ತತ್ವ ಇಲ್ಲ. ತನ್ನವನು ಸೋತರೆ ನಿಯಮ ಕೆಟ್ಟದ್ದು.

ಇದೇ ಮೊದಲ ಜಗಳವೇ?

2019 ಮರೆತೆಯಾ? ಆಗ ಜನರ ಪಾಲು ಅರ್ಧ. ಫೋನ್ ವೋಟಿನಲ್ಲಿ ಉಲ್ತಿಮೊ ಮುಂದೆ, ಮಹಮೂದ್ ಕೊನೆಯ ಮೂವರಲ್ಲಿ ಮೂರನೆಯವ. ಪತ್ರಕರ್ತರೂ ತೀರ್ಪುಗಾರರೂ ಎತ್ತಿ ಹಿಡಿದು ಮಹಮೂದ್‌ನನ್ನು ಗೆಲ್ಲಿಸಿದರು. ಹುಡುಗ ಹುಟ್ಟಿ ಬೆಳೆದದ್ದು ಮಿಲಾನ್‌ನಲ್ಲಿ. ತಾಯಿ ಸಾರ್ಡಿನಿಯಾದವಳು, ತಂದೆ ಈಜಿಪ್ಟಿನವನು. ಹಾಡಿನಲ್ಲಿ ಒಂದು ಸಾಲು ಅರಬ್ಬಿ. ಅಷ್ಟು ಸಾಕಾಯ್ತು. ಆಗಿನ ಗೃಹಮಂತ್ರಿ ಸಾಲ್ವಿನಿ, ನಾನಾಗಿದ್ದರೆ ಉಲ್ತಿಮೊಗೆ ಕೊಡ್ತಿದ್ದೆ ಅಂತ ಟ್ವಿಟರಿನಲ್ಲಿ ತೀರ್ಪು ಕೊಟ್ಟರು. ದೇಶದ ಗಡಿ ಕಾಯೋ ಖಾತೆ ಅವರದ್ದು, ಹಾಡಿನ ಗಡಿಯನ್ನೂ ಕಾದರು. ಆ ಮಹಮೂದ್ ಯುರೋವಿಷನ್‌ನಲ್ಲಿ ಎರಡನೆಯವನಾಗಿ ಬಂದ. ಆಮೇಲೆ ಅವನು ಎಲ್ಲರಿಗೂ ಇಟಲಿಯವನೇ.

ವಾದ್ಯವೃಂದದವರು ಒಮ್ಮೆ ರೊಚ್ಚಿಗೆದ್ದರಂತೆ?

2010. ಅದನ್ನು ನಾನು ಕಣ್ಣಾರೆ ಕಂಡೆ. ಕೊನೆಯ ಮೂವರ ಹೆಸರು ಹೇಳಿದ್ದೇ ತಡ, ಪಿಟೀಲಿನೋರು, ಕೊಂಬಿನೋರು ಸ್ಟ್ಯಾಂಡ್ ಮೇಲಿದ್ದ ಸ್ವರಲಿಪಿ ಹಾಳೆ ಕಿತ್ತು, ಮುದ್ದೆ ಮಾಡಿ ವೇದಿಕೆ ಮೇಲೆ ಎಸೆದರು. ಕಪ್ಪು ಕೋಟು, ಬೋ ಟೈ ಹಾಕಿದವರು ಕಾಗದದ ಉಂಡೆ ಬೀಸೋದು ಅಂದರೆ! ಕೊನೆಯ ಮೂವರಲ್ಲಿ ಒಂದು ತಂಡದಲ್ಲಿ ಇಟಲಿಯ ಕೊನೇ ರಾಜನ ಮೊಮ್ಮಗ ಎಮಾನುವೆಲೆ ಫಿಲಿಬೆರ್ತೊ ಇದ್ದ. ದೇಶಪ್ರೇಮದ ಹಾಡು. 1946ರಲ್ಲಿ ವೋಟು ಹಾಕಿ ತಾತನನ್ನು ದೇಶದಿಂದ ಆಚೆ ಕಳಿಸಿದ ಜನ, 2010ರಲ್ಲಿ ವೋಟು ಹಾಕಿ ಮೊಮ್ಮಗನನ್ನು ಎರಡನೇ ಸ್ಥಾನಕ್ಕೆ ತಂದು ಕೂರಿಸಿದರು. ಪ್ರಜಾಪ್ರಭುತ್ವಕ್ಕೂ ಬೇಸರ ಆಗುತ್ತಪ್ಪಾ.

ವೋಟಿನ ಪದ್ಧತಿ ಎಷ್ಟು ಸಲ ಬದಲಾಗಿದೆ?

ಸೋತವರು ಎಷ್ಟು ಸಲ ಕೂಗಾಡಿದ್ದಾರೋ ಅಷ್ಟು ಸಲ. ಅದರಲ್ಲಿ ನನಗೆ ಇಷ್ಟವಾದದ್ದು 1984ರಿಂದ ಕೆಲವು ವರ್ಷ ನಡೆದದ್ದು. ಕುದುರೆ ಜೂಜಿನ ಟೋಟಿಪ್ ಚೀಟಿ ಇತ್ತಲ್ಲ, ಅದರಲ್ಲೇ ಹಾಡಿಗೂ ವೋಟು. ಯಾವ ಕುದುರೆ, ಯಾವ ಗಾಯಕ, ಎಲ್ಲ ಒಂದೇ ಚೀಟಿಯಲ್ಲಿ. ಅದಕ್ಕಿಂತ ಪ್ರಾಮಾಣಿಕವಾದ ಪದ್ಧತಿ ಆಮೇಲೆ ಬರಲಿಲ್ಲ.

ಈಗ ಜೂಜು ಇಲ್ಲವಲ್ಲ?

ಫಾಂತಾಸಾನ್‌ರೆಮೊ ಕೇಳಿಲ್ವಾ? 2020ರಲ್ಲಿ ಮಾರ್ಕೆ ಪ್ರಾಂತ್ಯದ ಒಂದು ಬಾರಿನಲ್ಲಿ ಗೆಳೆಯರು ತಮಾಷೆಗೆ ಹುಟ್ಟುಹಾಕಿದ ಆಟ. ಕಲಾವಿದರ ತಂಡ ಕಟ್ಟಬೇಕು. ಕೊಳ್ಳೋದಕ್ಕೆ 100 'ಬಾವುದಿ'. ಈ ಹಬ್ಬವನ್ನು 13 ಸಲ ನಡೆಸಿಕೊಟ್ಟ ಪಿಪ್ಪೊ ಬಾವುದೊ ಹೆಸರೇ ಆಟದ ನಾಣ್ಯಕ್ಕೆ. ಆಮೇಲೆ ಗಾಯಕರು ವೇದಿಕೆಯಲ್ಲಿ ಏನು ಮಾಡಿದರು ಅನ್ನೋದರ ಮೇಲೆ ಪಾಯಿಂಟು. 2022ರಲ್ಲಿ ಹಾಡು ಮುಗಿಸಿದ ಒಬ್ಬೊಬ್ಬರೇ 'ಪಾಪಾಲಿನಾ, ಪಾಪಾಲಿನಾ' ಅನ್ನೋಕೆ ಶುರು ಮಾಡಿದರು. ಮನೆಯಲ್ಲಿ ಕೂತ ಅಜ್ಜಿಯರಿಗೆ ಇದ್ಯಾವ ಮಂತ್ರ ಅಂತ ಗಾಬರಿ. ನೋಡಿದರೆ ಆ ಬಾರಿನ ಯಜಮಾನನ ಅಡ್ಡಹೆಸರು! ಅದನ್ನು ಅಂದರೆ ತಂಡಕ್ಕೆ ಪಾಯಿಂಟು.

ಇಷ್ಟೆಲ್ಲ ಆಗಿ ಗೆದ್ದವರು ಯುರೋವಿಷನ್‌ಗೆ ಹೋಗುತ್ತಾರೆ.

ಯಾರು ಹೇಳಿದ್ದು? 1990ರಲ್ಲಿ ಪೂ ಅನ್ನೋ ತಂಡ ಗೆದ್ದಿತು. ನಾವು ಬರಲ್ಲ ಅಂದರು. ಎರಡನೆಯವನು ತೊತೊ ಕುತುನ್ಯೊ. ಅವನು ಈ ಹಬ್ಬದಲ್ಲಿ ಎರಡನೆಯವನಾಗಿ ಆಗಿ ಆಗಿ ಅದರಲ್ಲೇ ನಿಪುಣನಾಗಿದ್ದ. ಅವನು ಬೇರೆ ಹಾಡು ಕಟ್ಟಿಕೊಂಡು ಝಾಗ್ರೆಬ್‌ಗೆ ಹೋಗಿ ಯುರೋಪನ್ನೇ ಗೆದ್ದು ಬಂದ. 2016ರಲ್ಲಿ ಸ್ತಾದಿಯೊ ತಂಡ ಗೆದ್ದು ಒಲ್ಲೆ ಅಂದಿತು, ಎರಡನೆಯವಳು ಫ್ರಾಂಚೆಸ್ಕಾ ಮಿಕಿಯೆಲಿನ್ ಹೋದಳು. 2025ರಲ್ಲಿ ಗೆದ್ದ ಓಲ್ಲಿಗೆ ಊರೂರಿನ ಕಛೇರಿ ಬುಕ್ ಆಗಿತ್ತು, ಎರಡನೆಯವನು ಲೂಚೊ ಕೊರ್ಸಿ ಹೋಗಿ ಐದನೆಯವನಾಗಿ ಬಂದ. ಬೇರೆ ದೇಶದವರು ಈ ಟಿಕೆಟ್‌ಗಾಗಿ ಪ್ರಾಣ ಬಿಡ್ತಾರೆ. ನಮ್ಮೋರಿಗೆ ಅದು ಊಟದ ಮೇಲಿನ ವೀಳ್ಯ, ಹಾಕಿಕೊಂಡರೂ ಸರಿ, ಬಿಟ್ಟರೂ ಸರಿ.

1991ರ ಯುರೋವಿಷನ್ ನಿಮ್ಮಲ್ಲೇ ನಡೆಯಬೇಕಿತ್ತಲ್ಲವೇ?

ಆ ಗಾಯ ಕೆದಕಬೇಡ. ತೊತೊ ಗೆದ್ದದ್ದರಿಂದ ಸ್ಪರ್ಧೆ ಇಟಲಿಗೆ ಬಂತು. ಅರಿಸ್ಟನ್‌ನಲ್ಲೇ ಅಂತ ಮಾತೂ ಆಯ್ತು. ಅಷ್ಟರಲ್ಲಿ ಗಲ್ಫ್ ಯುದ್ಧ, ಭದ್ರತೆ ಅಂದುಕೊಂಡು ರೋಮಿಗೆ ಎತ್ತಿಕೊಂಡು ಹೋದರು. ಅದು ಮುಗಿದು ಕೆಲವೇ ವರ್ಷಕ್ಕೆ ಟೀವಿಯೋರಿಗೆ ಯುರೋವಿಷನ್ನೇ ಬೇಡವಾಯ್ತು. 1998ರಿಂದ 2010ರವರೆಗೆ ನಾವು ಆ ಕಡೆ ತಲೆ ಹಾಕಲಿಲ್ಲ. ನನಗೇನೂ ನಷ್ಟ ಆಗಲಿಲ್ಲ. ಆ 13 ವರ್ಷವೂ ಇಲ್ಲಿ ಅದೇ ರಂಪ, ಅದೇ ರಾದ್ಧಾಂತ. ಆಗಲೇ ನನಗೆ ಒಂದು ವಿಷಯ ಖಚಿತವಾದದ್ದು.

ಯಾವುದು?

ನಾವು ಯುರೋಪಿಗೆ ಅಂತ ಹಾಡು ಆರಿಸೋದೇ ಇಲ್ಲ. ಉತ್ತರದವರು ದೊಡ್ಡವರೋ ದಕ್ಷಿಣದವರೋ, ಅಪ್ಪನ ಕಿವಿ ಸರಿಯೋ ಮಗಳ ಕಿವಿ ಸರಿಯೋ, ಯಾರು ಇಟಲಿಯವರು, ಯಾವ ನುಡಿ ಇಟಲಿಯದು, ಇಂಥವನ್ನು ಐದು ರಾತ್ರಿ ಕೂತು ಜಗಳ ಆಡ್ತೀವಿ. ಬೆಳಗಿನ ಜಾವ ಎಲ್ಲರೂ ಸುಸ್ತಾದಾಗ ಕೈಯಲ್ಲಿ ಒಂದು ಹಾಡು ಉಳಿದಿರುತ್ತೆ. ಅದನ್ನು ಯುರೋಪಿಗೆ ಕಟ್ಟಿ ಕಳಿಸ್ತೀವಿ.

ಜಗಳವೇ ಬೇಡ ಎಂದು ಒಳಗೊಳಗೇ ಆರಿಸಿದರೆ?

1974ರಲ್ಲಿ ಹಾಗೇ ಮಾಡಿದರು, ಈ ಹಬ್ಬವನ್ನು ಕೇಳಲಿಲ್ಲ. ಜಿಲ್ಯೋಲಾ ಚಿಂಕ್ವೆತ್ತಿಯನ್ನು ಕಳಿಸಿದರು. ಹದಿನಾರರ ವಯಸ್ಸಿಗೇ, 1964ರಲ್ಲಿ, ಇಟಲಿಗೆ ಮೊದಲ ಯುರೋವಿಷನ್ ಗೆದ್ದುಕೊಟ್ಟವಳು. ಪ್ರೀತಿಸಿದವನಿಗೆ 'ಹೂಂ' ಅನ್ನೋ ಹುಡುಗಿಯ ಹಾಡು, ಹೆಸರೂ 'ಸೀ', ಅಂದರೆ ಹೌದು. ಬಂತಲ್ಲ ಫಜೀತಿ! ಮರುತಿಂಗಳೇ ವಿಚ್ಛೇದನ ಕಾನೂನು ರದ್ದು ಮಾಡಬೇಕೇ ಅಂತ ದೇಶದಲ್ಲಿ ಜನಮತಗಣನೆ, ಚೀಟಿಯಲ್ಲಿ ಹೌದು ಅಥವಾ ಇಲ್ಲ ಅಂತ ಗುರುತು ಹಾಕಬೇಕು. ಹಾಡು ಕೇಳಿ ಜನ 'ಹೌದು' ಒತ್ತಿಬಿಟ್ಟರೆ ಅಂತ ಸರ್ಕಾರಿ ಟೀವಿ ರಾಯ್ ಸ್ಪರ್ಧೆಯನ್ನೇ ಪ್ರಸಾರ ಮಾಡಲಿಲ್ಲ. ಅವಳು ಆಬ್ಬಾ ತಂಡದ ಹಿಂದೆ ಎರಡನೆಯವಳಾಗಿ ನಿಂತದ್ದನ್ನು ಯುರೋಪ್ ನೋಡಿತು, ಇಟಲಿ ನೋಡಲಿಲ್ಲ.

ಬೇರೆ ದೇಶಗಳ ಕಥೆ ಏನು?

ಬ್ರಿಟನ್ 2003ರಲ್ಲಿ ಜನರ ಕೈಲಿ ಆರಿಸಿತು, ಯುರೋವಿಷನ್‌ನಲ್ಲಿ ಸಿಕ್ಕಿದ್ದು ಸೊನ್ನೆ ಅಂಕ. 2021ರಲ್ಲಿ ಒಳಗೊಳಗೇ ಆರಿಸಿತು, ಮತ್ತೆ ಸೊನ್ನೆ. ಹಾಗಂತ ನಗಬೇಡ, 2022ರಲ್ಲೂ ಒಳಗೇ ಆರಿಸಿ ಎರಡನೇ ಸ್ಥಾನಕ್ಕೆ ಬಂದರು. ಏಳು ಸಲ ಗೆದ್ದ ಐರ್ಲೆಂಡ್ 2008ರಲ್ಲಿ ಜನರ ಓಟಿನಿಂದ ಟರ್ಕಿಕೋಳಿಯ ಬೊಂಬೆಯೊಂದನ್ನು ಆರಿಸಿ ಕಳಿಸಿತು, ಸೆಮಿಫೈನಲ್ ದಾಟಲಿಲ್ಲ. ನಮ್ಮ ಪಕ್ಕದ ಪುಟಾಣಿ ಸಾನ್ ಮರಿನೊ ದೇಶದ್ದು ಇನ್ನೊಂದು ಥರ. ನಮ್ಮ ಗಾಯಕ ಅಕಿಲ್ಲೆ ಲಾವ್ರೊ 2022ರಲ್ಲಿ ನನ್ನನ್ನು ಇಳಿದು ಸೋತ. ತಿಂಗಳೊಪ್ಪತ್ತಿನಲ್ಲಿ ಅಲ್ಲಿನ ಸ್ಪರ್ಧೆ ಗೆದ್ದು ಸಾನ್ ಮರಿನೊ ಪರವಾಗಿ ಯುರೋವಿಷನ್‌ಗೆ ನಿಂತ. ಅಲ್ಲೂ ಫೈನಲ್ ಸಿಗಲಿಲ್ಲ. ಟಿಕೆಟ್ ಸಿಗದಾಗ ಪಕ್ಷ ಬದಲಿಸೋದು ನಿಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ.

ಆದರೂ 2021ರಲ್ಲಿ ನಿಮ್ಮ ಹುಡುಗರು ಯುರೋವಿಷನ್ ಗೆದ್ದರು.

ಮೊನೆಸ್ಕಿನ್ ತಂಡ! ಕೊರೊನಾ ವರ್ಷ, ಅರಿಸ್ಟನ್‌ನಲ್ಲಿ ಪ್ರೇಕ್ಷಕರೇ ಇಲ್ಲ, ಖಾಲಿ ಕುರ್ಚಿಗಳ ಮುಂದೆ ರಾಕ್ ಕಿರುಚಿ ಗೆದ್ದರು. ಯುರೋಪಿಗೆ ಹೋಗೋಕೆ ಮುಂಚೆ ಹಾಡಿನೊಳಗಿದ್ದ ಬೈಗುಳ ತೆಗೆಸಿದರು. ಅಲ್ಲಿ ಮೂರೇ ನಿಮಿಷ, ಬಾಯಿ ಸ್ವಚ್ಛ ಇರಬೇಕು. ಆದರೂ 524 ಅಂಕ! ಅದೇ ರಾತ್ರಿ ಬ್ರಿಟನ್‌ಗೆ ಸೊನ್ನೆ. ಯುರೋಪಿಗೆ ಏನು ಹಿಡಿಸುತ್ತೆ ಅಂತ ಆ ಹುಡುಗರೂ ಕೇಳಿರಲಿಲ್ಲ, ಅವರನ್ನು ಆರಿಸಿದವರೂ ಕೇಳಿರಲಿಲ್ಲ.

ಹಬ್ಬವೇ ಕೋರ್ಟಿಗೆ ಹೋಗಿದೆಯಲ್ಲ?

ಹೋಗದೆ ಇರುತ್ತಾ? ಹಬ್ಬದ ಹೆಸರು ಊರಿನ ಪುರಸಭೆಯದು, ನಡೆಸೋದು ರಾಯ್. 2024ರ ಡಿಸೆಂಬರಿನಲ್ಲಿ ಲಿಗೂರಿಯಾದ ಆಡಳಿತ ನ್ಯಾಯಮಂಡಳಿ, ಹೀಗೆ ನೇರ ಕೊಡೋದು ಸರಿಯಲ್ಲ, ಟೆಂಡರ್ ಕರೀಬೇಕು ಅಂದಿತು. ಹಾಡುವವರನ್ನು ಆರಿಸೋದಕ್ಕೆ ಒಂದು ಸ್ಪರ್ಧೆ, ಅದನ್ನು ನಡೆಸುವವರನ್ನು ಆರಿಸೋದಕ್ಕೆ ಇನ್ನೊಂದು ಸ್ಪರ್ಧೆ. ನನ್ನ ಮೇಲೆ ನಡೆದಾಡೋಕೆ ವಕೀಲರೂ ಬರ್ತಾರೇನೋ, ಅವರಿಗೂ ಹಿಮ್ಮಡಿ ಹಾಕಿಸಿ.

ಕೊನೆಯ ಪ್ರಶ್ನೆ. ಯುರೋವಿಷನ್‌ಗೆ ಹೋಗಲೇಬೇಕು ಎಂದು ಹಂಬಲಿಸುವ ಹೊಸ ಗಾಯಕರಿಗೆ ನಿಮ್ಮ ಕಿವಿಮಾತು?

ಹುಷಾರಾಗಿ ಇಳೀರಿ, ಚೆನ್ನಾಗಿ ಹಾಡಿ, ಎರಡನೇ ಸ್ಥಾನಕ್ಕೆ ಬನ್ನಿ. ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ, ಗೆದ್ದವನ ಮ್ಯಾನೇಜರ್ ಬೆಳಿಗ್ಗೆ ಎದ್ದು ಡೈರಿ ನೋಡ್ತಾನೆ.