ದಾಸವಾಳ, ಸ್ಫಟಿಕ, ಕುದುರೆ: ರಾಜಕೀಯ ಪೌರುಷದ ಆಶ್ರಯ ವಿಚಾರ

ಇನ್ನು ಪೌರುಷ ವಿಚಾರ. ನಾಯಕನ ಗಂಡಸುತನ ಕಂಡು ಮತದಾರ ಮರುಳಾಗುತ್ತಾನೆಂಬುದು ಲೋಕಪ್ರಸಿದ್ಧ. ಅದನ್ನು ಸಾಧಿಸಲು ಪ್ರಬಂಧ ಬೇಕಿಲ್ಲ, ಯಾವುದಾದರೊಂದು ಸರ್ಕಲ್ಲಿನಲ್ಲಿ ನಿಂತು ಫ್ಲೆಕ್ಸುಗಳತ್ತ ತಲೆಯೆತ್ತಿದರೆ ಸಾಕು. ವಿವಾದವಿರುವುದು ಬೇರೆ ಕಡೆ: ಪೌರುಷವೆಂಬ ಈ ಗುಣ ಯಾವ ದ್ರವ್ಯವನ್ನು ಆಶ್ರಯಿಸಿದೆ? ಆಶ್ರಯವಿಲ್ಲದೆ ಗುಣವಿಲ್ಲವೆಂದು ತಾರ್ಕಿಕರು ಹಟ ಹಿಡಿಯುತ್ತಾರೆ. ಎದೆಯಲ್ಲಿದೆ ಎನ್ನುವವರು ಉರೋವಾದಿಗಳು. ಮೀಸೆಯಲ್ಲಿದೆ ಎನ್ನುವವರು ಶ್ಮಶ್ರುವಾದಿಗಳು. ತಟ್ಟುವ ತೊಡೆಯಲ್ಲಿದೆ ಎನ್ನುವ ಊರುವಾದಿಗಳು ತೀರ ಹಳಬರು. ದುರ್ಯೋಧನನ ಗತಿ ಏನಾಯಿತೆಂದು ನೆನಪಿಸಿದರೆ ಸುಮ್ಮನಾಗುತ್ತಾರೆ. ಈ ಮೂರು ಮತಗಳನ್ನೂ ನಿರಾಕರಿಸಿ ನಾವು ಸ್ಥಾಪಿಸುವ ಸಿದ್ಧಾಂತ ಇಷ್ಟೆ: ಪೌರುಷ ನಾಯಕನ ಮೈಯಲ್ಲಿ ಎಲ್ಲಿಯೂ ಇಲ್ಲ, ಅವನ ಪಕ್ಕದಲ್ಲಿರುವ ವಸ್ತುವಿನಲ್ಲಿದೆ. ಬಣ್ಣವಿಲ್ಲದ ಸ್ಫಟಿಕದ ಹಿಂದೆ ದಾಸವಾಳ ಇಟ್ಟರೆ ಸ್ಫಟಿಕವೇ ಕೆಂಪಗೆ ತೋರುತ್ತದೆಂದು ವೇದಾಂತಿಗಳು ಹೇಳಿ ಸಾವಿರ ವರ್ಷ ದಾಟಿತು. ನಾಯಕ ಸ್ಫಟಿಕ, ಕುದುರೆ ದಾಸವಾಳ.

ಮೊದಲು ಕುದುರೆಯನ್ನೇ ಪರೀಕ್ಷಿಸೋಣ. 2009ರ ಆಗಸ್ಟಿನಲ್ಲಿ, ಆಗ ರಷ್ಯದ ಪ್ರಧಾನಿಯಾಗಿದ್ದ ವ್ಲಾದಿಮಿರ್ ಪುಟಿನ್ ಸೈಬೀರಿಯದ ತುವಾ ಪ್ರಾಂತ್ಯದಲ್ಲಿ ಅಂಗಿ ಕಳಚಿ ಕುದುರೆಯೇರಿದ ಚಿತ್ರಗಳು ಲೋಕವೆಲ್ಲ ಸುತ್ತಿದವು. ಎದೆ ಬರಿದಾಗಿತ್ತಲ್ಲ ಎಂದು ಉರೋವಾದಿಗಳು ಕುಣಿಯುತ್ತಾರೆ. ಆದರೆ ಶಾಸ್ತ್ರದಲ್ಲಿ ವ್ಯತಿರೇಕ ಪರೀಕ್ಷೆ ಎಂಬುದೊಂದಿದೆ. ಚಿತ್ರದಿಂದ ಕುದುರೆಯನ್ನು ತೆಗೆದುಬಿಡಿ. ಉಳಿಯುವುದು ಸೆಕೆ ತಡೆಯಲಾರದೆ ಅಂಗಿ ಬಿಚ್ಚಿ ಜಗುಲಿಯಲ್ಲಿ ಕೂತ, ಐವತ್ತಾರು ವಯಸ್ಸಿನ ಒಬ್ಬ ಯಜಮಾನರು. ಅಂಥವರು ಬೀದಿಗೆ ನಾಲ್ವರು ಸಿಗುತ್ತಾರೆ, ಯಾರೂ ಅವರ ಕೈಗೆ ರಾಷ್ಟ್ರವನ್ನು ಒಪ್ಪಿಸಿಲ್ಲ. ಎರಡು ವರ್ಷದ ಮೇಲೆ ಇದೇ ನಾಯಕರು ತಮಾನ್ ಕೊಲ್ಲಿಯಲ್ಲಿ ಮುಳುಗು ಹಾಕಿ ಎರಡು ಪ್ರಾಚೀನ ಹೂಜಿಗಳನ್ನು ಹಿಡಿದು ಮೇಲೆದ್ದರು. ಆ ಹೂಜಿಗಳನ್ನು ಮೊದಲೇ ಅಲ್ಲಿ ಇಟ್ಟಿದ್ದರೆಂದು ಆಮೇಲೆ ಅವರ ವಕ್ತಾರರೇ ಒಪ್ಪಿಕೊಂಡರು. ಪತ್ರಿಕೆಗಳಿಗೆ ಅದು ನಗೆಪಾಟಲು. ಶಾಸ್ತ್ರಕ್ಕೆ ಅದು ಸರ್ಕಾರಿ ಮುದ್ರೆ ಬಿದ್ದ ಪ್ರಮಾಣ. ವಸ್ತುವನ್ನು ಮೊದಲು ಇಡಬೇಕು, ಪೌರುಷ ಆಮೇಲೆ ಹುಡುಕಿಕೊಂಡು ಬರುತ್ತದೆ.

ಮೈಯಲ್ಲಿ ನಿಜವಾದ ಪೌರುಷವಿದ್ದರೂ ಅದು ಮತವಾಗುವುದಿಲ್ಲವೆಂದು ತೋರಿಸಿಬಿಟ್ಟರೆ ಅರ್ಧ ವಾದ ಗೆದ್ದಂತೆ. ಇದಕ್ಕೆ ಅಮೆರಿಕಕ್ಕಿಂತ ಪ್ರಶಸ್ತವಾದ ಪ್ರಯೋಗಶಾಲೆ ಇಲ್ಲ. 1912ರ ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ, ಚುನಾವಣೆಗೆ ನಿಂತಿದ್ದ ಥಿಯೊಡೊರ್ ರೂಸ್‌ವೆಲ್ಟರ ಎದೆಗೆ ಗುಂಡು ಬಿತ್ತು. ಜೇಬಿನಲ್ಲಿದ್ದ ಕನ್ನಡಕದ ಲೋಹದ ಡಬ್ಬಿಯನ್ನೂ ಮಡಿಸಿಟ್ಟ ಐವತ್ತು ಪುಟಗಳ ಭಾಷಣವನ್ನೂ ತೂರಿಕೊಂಡು ಹೋಗುವಷ್ಟರಲ್ಲಿ ಗುಂಡಿಗೆ ಸುಸ್ತಾಗಿ ಪ್ರಾಣ ಉಳಿಯಿತು. (ರಾಜಕಾರಣಿಯ ಉದ್ದನೆಯ ಭಾಷಣದಿಂದ ಒಂದು ಜೀವ ಉಳಿದ ಬೇರೆ ನಿದರ್ಶನ ನಮ್ಮ ಗಮನಕ್ಕೆ ಬಂದಿಲ್ಲ.) ಗುಂಡನ್ನು ಎದೆಯಲ್ಲಿಟ್ಟುಕೊಂಡೇ ಅವರು ಸುಮಾರು ಒಂದೂವರೆ ಗಂಟೆ ಮಾತಾಡಿ, ಆಮೇಲೆ ಆಸ್ಪತ್ರೆಗೆ ಹೋದರು. ಇದಕ್ಕಿಂತ ಮಿಗಿಲಾದ ಎದೆಯನ್ನು ಎಲ್ಲಿಂದ ತರುವುದು? ಮೂರು ವಾರ ಕಳೆದು ಗೆದ್ದು ಬಂದವರು ಹಿಂದೆ ಪ್ರಿನ್ಸ್‌ಟನ್ನಿನಲ್ಲಿ ಮೇಷ್ಟರಾಗಿದ್ದ ವುಡ್ರೊ ವಿಲ್ಸನ್. ರೂಸ್‌ವೆಲ್ಟರ ಪಕ್ಷ ಇಬ್ಭಾಗವಾಗಿ ಮತ ಒಡೆಯಿತೆಂಬ ಸಮಾಧಾನ ಉಂಟು. ಒಡೆದ ಮತವನ್ನು ಕೂಡಿಸಲಾರದ ಎದೆಯಿಂದ ಚುನಾವಣಾ ಶಾಸ್ತ್ರಕ್ಕೇನು ಪ್ರಯೋಜನ?

ಇನ್ನೂ ಸೂಕ್ಷ್ಮವಾದ ನಿದರ್ಶನ 1988ರದು. ಹಿರಿಯ ಜಾರ್ಜ್ ಬುಷ್ ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ಹಾರಿಸಿ, 1944ರಲ್ಲಿ ಶತ್ರುವಿನ ಗುಂಡಿಗೆ ವಿಮಾನ ಕಳೆದುಕೊಂಡು, ಪೆಸಿಫಿಕ್ ಸಾಗರಕ್ಕೆ ಬಿದ್ದು ಬದುಕಿ ಬಂದವರು. ಅಂಥವರು ಅಧ್ಯಕ್ಷ ಪದವಿಗೆ ನಿಲ್ಲುತ್ತೇನೆಂದಾಗ ನ್ಯೂಸ್‌ವೀಕ್ ಪತ್ರಿಕೆ 1987ರ ಅಕ್ಟೋಬರಿನ ಮುಖಪುಟದಲ್ಲೇ ಪುಕ್ಕಲುತನದ ಮಾತೆತ್ತಿತು. ಅವರ ಪುಣ್ಯಕ್ಕೆ ಎದುರಾಳಿ ಮೈಕೆಲ್ ಡುಕಾಕಿಸ್ 1988ರ ಸೆಪ್ಟೆಂಬರ್ 13ರಂದು ಮಿಷಿಗನ್ನಿನ ಕಾರ್ಖಾನೆಯೊಂದರಲ್ಲಿ ಯುದ್ಧ ಟ್ಯಾಂಕು ಹತ್ತಿದರು. ಇವರೂ ಸೈನ್ಯದಲ್ಲಿದ್ದು ಕೊರಿಯಕ್ಕೆ ಹೋಗಿ ಬಂದವರೇ. ಆದರೆ ಹೆಸರು ಬರೆದ ದೊಡ್ಡ ಶಿರಸ್ತ್ರಾಣದ ಒಳಗಿಂದ ಅವರ ಮುಖ ಇಣುಕುವುದನ್ನು ಕಂಡ ದೇಶ ನಕ್ಕುಬಿಟ್ಟಿತು, ಬುಷ್ ಪಕ್ಷ ಅದೇ ದೃಶ್ಯವನ್ನು ಜಾಹೀರಾತು ಮಾಡಿಕೊಂಡಿತು. ಡುಕಾಕಿಸ್‌ಗೆ ದಕ್ಕಿದ್ದು ಹತ್ತು ರಾಜ್ಯಗಳು ಮತ್ತು ರಾಜಧಾನಿ. ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ವಸ್ತುವಿನಲ್ಲಿ ಪೌರುಷವಿರುವುದಾದರೆ ಟ್ಯಾಂಕಿಗಿಂತ ದೊಡ್ಡ ವಸ್ತು ಯಾವುದು? ಅದೇಕೆ ಕೈಕೊಟ್ಟಿತು?’ ಪ್ರಶ್ನೆ ಸಮಂಜಸ, ಉತ್ತರ ಸುಲಭ. ದಾಸವಾಳ ಸ್ಫಟಿಕದ ಹಿಂದಿರಬೇಕು. ಸ್ಫಟಿಕವೇ ದಾಸವಾಳದೊಳಗೆ ಹೊಕ್ಕು ಕೂತರೆ ಜನ ಹೂವನ್ನು ನೋಡಿಕೊಂಡು ಮನೆಗೆ ಹೋಗುತ್ತಾರೆ. ತಪ್ಪು ಟ್ಯಾಂಕಿನದಲ್ಲ, ಟೊಪ್ಪಿಗೆಯದು.

ಈ ಉತ್ತರ ಜಾಣತನದ ನುಣುಚಿಕೆ ಎನ್ನುವವರಿಗಾಗಿ ಅದಕ್ಕೂ ಎರಡು ವರ್ಷ ಹಿಂದಿನ ದೃಷ್ಟಾಂತವನ್ನು ಕಾದಿರಿಸಿದ್ದೇವೆ. 1986ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಪಶ್ಚಿಮ ಜರ್ಮನಿಯಲ್ಲಿ ತಲೆಗೆ ವಸ್ತ್ರ ಸುತ್ತಿ, ಕಣ್ಣಿಗೆ ಧೂಳುಗನ್ನಡಕ ಏರಿಸಿ ಟ್ಯಾಂಕಿನ ಮೇಲೆ ನಿಂತರು. ಯಾರೂ ನಗಲಿಲ್ಲ, ಮರುವರ್ಷ 102 ಸ್ಥಾನಗಳ ಬಹುಮತ ಬಂತು. ಟ್ಯಾಂಕು ಗಂಡಸನ್ನು ಕೆಡವಿತು, ಹೆಂಗಸನ್ನು ಎತ್ತಿತು. ಪೌರುಷ ಪುರುಷನ ಸೊತ್ತಾಗಿದ್ದರೆ ಇದು ಹೇಗೆ ಸಾಧ್ಯ? ಶ್ಮಶ್ರುವಾದಿಗಳು ಈ ಪುಟವನ್ನು ಹಾರಿಸಿ ಓದುವುದು ವಾಡಿಕೆ. ಅವರು 1978ರ ಚಿಕ್ಕಮಗಳೂರು ಉಪಚುನಾವಣೆಯನ್ನೂ ಹಾರಿಸಬೇಕಾಗುತ್ತದೆ. ಒಂದು ಹೆಣ್ಣುಸಿಂಹಕ್ಕೆ ಎದುರಾಗಿ ನೂರು ಮುಸುವಗಳೆಂಬ ಘೋಷಣೆ ಕಾಫಿ ತೋಟಗಳ ನಡುವೆ ಮೊಳಗಿ ಇಂದಿರಾ ಗಾಂಧಿ ಗೆದ್ದ ಆ ಚುನಾವಣೆಯಲ್ಲಿ ಮೀಸೆಗಳೆಲ್ಲ ಸೋತ ಪಕ್ಷದ ಕಡೆ ಇದ್ದವೆಂದಲ್ಲ, ಆದರೆ ಗೆದ್ದ ಮುಖದಲ್ಲಿ ಮಾತ್ರ ಇರಲಿಲ್ಲ. ಸಿಂಹ ಮಾತ್ರ ಇತ್ತು, ಅದೂ ಘೋಷಣೆಯಲ್ಲಿ.

ಕಂಠವಾದಿಗಳದು ಬೇರೆಯೇ ತಕರಾರು. ಗಡಸು ದನಿಗೆ ಮತ ಬೀಳುತ್ತದೆ, ದನಿ ಮೈಯಿಂದಲೇ ಹೊರಡಬೇಕಲ್ಲವೆ ಎನ್ನುತ್ತಾರೆ. ಮೊದಲರ್ಧ ನಿಜ. 2012ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಮತ ಯಾಚಿಸುವ ಒಂದೇ ವಾಕ್ಯವನ್ನು ಬೇರೆ ಬೇರೆ ಸ್ಥಾಯಿಗಳಲ್ಲಿ ಕೇಳಿಸಿದಾಗ ಹೆಣ್ಣು ಗಂಡುಗಳಿಬ್ಬರೂ ತಗ್ಗುದನಿಯನ್ನೇ ಆರಿಸಿದರು. ಮಾತಾಡಿದವರು ಹೆಣ್ಣಾದರೂ ಅದೇ ಫಲ. ಆದರೆ ಆ ದನಿಗಳನ್ನು ಏರಿಸಿ ತಗ್ಗಿಸಿದ್ದು ಗಂಟಲಲ್ಲ, ಕಂಪ್ಯೂಟರು. ಹಾಗಾಗಿ ಪೌರುಷ ಇದ್ದದ್ದು ಯಂತ್ರದಲ್ಲಿ. ಥ್ಯಾಚರ್ ಕೂಡ ತರಬೇತಿ ಪಡೆದೇ ದನಿ ತಗ್ಗಿಸಿಕೊಂಡವರು.

ಇಷ್ಟಾಗಿ, ಮತದಾರ ಇದನ್ನೆಲ್ಲ ನಂಬುವಷ್ಟು ದಡ್ಡನೆ? ಇಲ್ಲ, ಅವನು ಅಪ್ಪಟ ತಾರ್ಕಿಕ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವುದು ಸರಿಯಾದ ಅನುಮಾನ. ಖಜಾನೆಯ ಲೆಕ್ಕ, ಸಂಧಾನದ ಕೋಣೆ, ಕಡತದ ಟಿಪ್ಪಣಿ ಯಾವುದೂ ಅವನ ಕಣ್ಣಿಗೆ ಬೀಳುವುದಿಲ್ಲ, ಕಾಣುವುದು ಹೊಗೆಯೊಂದೇ. ಸಿನಿಮಾದವರ ಬಳಿ ಹೊಗೆಯಂತ್ರ ಬಾಡಿಗೆಗೆ ಸಿಗುತ್ತದೆಂಬುದು ಪ್ರಾಚೀನ ತಾರ್ಕಿಕರಿಗೆ ತಿಳಿದಿರಲಿಲ್ಲ. 2003ರ ಮೇ 1ರಂದು ಕಿರಿಯ ಬುಷ್ ವಿಮಾನ ಚಾಲಕರ ಉಡುಪು ತೊಟ್ಟು ಯುದ್ಧನೌಕೆಯ ಮೇಲೆ ಇಳಿದರು. ಅವರ ಬೆನ್ನ ಹಿಂದೆ, ಕೆಲಸ ಮುಗಿಯಿತೆಂದು ಸಾರುವ ಬ್ಯಾನರು. ಅಮೆರಿಕದ ಸೇನೆ ಇರಾಕಿನಿಂದ ಹೊರಟದ್ದು 2011ರಲ್ಲಿ. ವಸ್ತುವಿನ ನಿಜವಾದ ಉಪಯೋಗ ಇಲ್ಲಿ ಹೊಳೆಯುತ್ತದೆ: ಅದು ನಾಯಕನ ಪರವಾಗಿ ಉತ್ತರ ಹೇಳುತ್ತದೆ, ಆದ್ದರಿಂದ ಪ್ರಶ್ನೆ ಕೇಳುವ ಪ್ರಮೇಯ ಬರುವುದಿಲ್ಲ. ಹುಲಿಯ ಪಕ್ಕ ನಿಂತವರನ್ನು ಬೆಲೆಯೇರಿಕೆಯ ಬಗ್ಗೆ ಕೇಳಲು ಯಾರಿಗೆ ಮನಸ್ಸಾದೀತು? 2004ರಲ್ಲಿ ವಿಯೆಟ್ನಾಮಿನ ಯುದ್ಧಪದಕಗಳಿದ್ದ ಜಾನ್ ಕೆರ್ರಿ ಓಹಾಯೊದಲ್ಲಿ ಹೆಬ್ಬಾತು ಬೇಟೆಗೆ ಹೋದರು. ಕ್ಯಾಮೆರಾದ ಮುಂದೆ ಬಂದಾಗ ಹಕ್ಕಿಗಳು ಸಂಗಡಿಗರ ಕೈಯಲ್ಲಿದ್ದವು. ವಿಯೆಟ್ನಾಮಿಗೆ ಹೋಗದಿದ್ದ ಬುಷ್ ಗೆದ್ದರು.

ಭಾರತದ ಉರೋವಾದಿಗಳ ಕೊನೆಯ ಬಾಣ 2014ರ ಜನವರಿಯಲ್ಲಿ ಗೋರಖಪುರದ ಸಭೆಯಲ್ಲಿ ನರೇಂದ್ರ ಮೋದಿಯವರು ಹೇಳಿದ 56 ಅಂಗುಲದ ಎದೆ. ಇಲ್ಲಂತೂ ಅಳತೆಯೇ ಇದೆಯಲ್ಲ ಎನ್ನುತ್ತಾರೆ. ಇದೆ, ಆದರೆ ಟೇಪು ಹಿಡಿದು ನೋಡಿ ಯಾರೂ ಮತ ಹಾಕಲಿಲ್ಲ. ಸಂಖ್ಯೆಯನ್ನು ಕೇಳಿ ಹಾಕಿದರು. ಸಂಖ್ಯೆಯೂ ಒಂದು ವಸ್ತು, ಕುದುರೆಗಿಂತ ಅಗ್ಗ, ಹುಲ್ಲು ಬೇಡುವುದಿಲ್ಲ. ನಮ್ಮ ರಾಜ್ಯದಲ್ಲಿ ವಸ್ತುಸಂಗ್ರಹ ಇನ್ನೂ ಸಮೃದ್ಧ: ಬೆಳ್ಳಿ ಗದೆ, ಮೈಸೂರು ಪೇಟ, ಕ್ರೇನು ಎತ್ತಿ ಹಿಡಿಯುವ ಸೇಬಿನ ಹಾರ. ಭಾರ ಕ್ರೇನಿಗೆ, ಜಯಕಾರ ಕೊರಳಿಗೆ. ‘ಕನಕಪುರದ ಬಂಡೆ’ ಎಂಬ ಬಿರುದಿನಲ್ಲಂತೂ ನಾಯಕನೂ ವಸ್ತುವೂ ಬೇರೆಯಾಗಿ ಉಳಿದೇ ಇಲ್ಲ. ಈ ಅದ್ವೈತ ಸ್ಥಿತಿಯನ್ನು ವಿವರಿಸಲು ಪ್ರತ್ಯೇಕ ಭಾಷ್ಯ ಬೇಕು.

ಕನ್ನಡನಾಡಿನಲ್ಲಿ ಕುದುರೆ ಮಾತ್ರ ಏಕೆ ಕಾಣೆಯೆಂಬುದು ಪೂರ್ವಪಕ್ಷಿಯ ಕೊನೆಯ ಪ್ರಶ್ನೆ. ಉತ್ತರಕ್ಕೆ ಮುನ್ನ ಒಂದು ಪ್ರಸಂಗ: 2018ರ ಜೂನ್ 13ರಂದು ಪ್ರಧಾನಿ ಮೋದಿಯವರು ತಮ್ಮ ಬೆಳಗಿನ ವ್ಯಾಯಾಮದ ವಿಡಿಯೊ ಹಾಕಿ, ಇದೇ ರೀತಿ ಮಾಡಿ ತೋರಿಸಿ ಎಂದು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರಿಗೆ ಸವಾಲೆಸೆದರು. ಯೋಗವೂ ಟ್ರೆಡ್‌ಮಿಲ್ಲೂ ತಮ್ಮ ದಿನಚರಿಯಲ್ಲಿವೆ, ಆದರೆ ತಮಗೆ ರಾಜ್ಯದ ಅಭಿವೃದ್ಧಿಯ ಫಿಟ್‌ನೆಸ್ಸಿನ ಚಿಂತೆ ಹೆಚ್ಚು, ಅದಕ್ಕೆ ಸಹಕಾರ ಕೊಡಿ ಎಂದು ಇವರು ಉತ್ತರಿಸಿದರು. ಪೌರುಷಶಾಸ್ತ್ರದ ಪ್ರಕಾರ ಇದು ನಿಯಮಭಂಗ. ಪಕ್ಕದಲ್ಲಿ ಒಂದು ಡಂಬೆಲ್ಲೂ ಇರಲಿಲ್ಲ. ಆದರೆ ನಮ್ಮಲ್ಲಿ ಕುದುರೆ ಇಲ್ಲವೆಂಬುದು ಪೂರ್ವಪಕ್ಷಿಯ ಅಜ್ಞಾನ. ಇದೆ, ಏರುವುದಕ್ಕಲ್ಲ, ವ್ಯಾಪಾರಕ್ಕೆ. ಅದರ ಲಾಯವನ್ನು ಕನ್ನಡದಲ್ಲಿ ರೆಸಾರ್ಟ್ ಎನ್ನುತ್ತಾರೆ. ಕುದುರೆಯೇರಿ ಯಾರೂ ಚಿತ್ರ ತೆಗೆಸಿಕೊಳ್ಳದ ಈ ನಾಡಿನ ವಿಧಾನಸಭೆಯಲ್ಲಿ 2019ರ ಜುಲೈ 23ರಂದು ವಿಶ್ವಾಸಮತ ಎಣಿಸಿದಾಗ ಕುಮಾರಸ್ವಾಮಿ ಸರ್ಕಾರದ ಪರ 99, ವಿರುದ್ಧ 105 ಬಂತು.