ಕೊಂಬೋ ಬಾಲವೋ

ನಾವು ಅಆಇಈ ಎಂದು ಸಾಲಾಗಿ ಕೂಗಿ, ಮರಳಿನ ಮೇಲೆ ಬೆರಳು ಸವೆಸಿ ಕಲಿತವರು. ಮೊಮ್ಮಗಳದ್ದು ನಲಿಕಲಿ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೊದಲ ಪಾಠ ರ, ಗ, ಸ, ದ, ಅ. ನಮ್ಮ ಕಾಲದ ಯಜಮಾನ ಅಕಾರ ಇಲ್ಲಿ ಐದನೆಯವನಾಗಿ ಕೈಕಟ್ಟಿ ನಿಂತಿದ್ದಾನೆ! "ತಾತ, ನಿಮಗೆ ಸರಿಯಾಗಿ ಬರಲ್ಲ" ಎಂದು ನನ್ನ ಅಆಇಈಯನ್ನು ಅವಳೇ ತಿದ್ದಿದಳು.

ಕಾಗುಣಿತದಲ್ಲಾದರೂ ಮಾನ ಉಳಿದೀತೆಂದು, "ಕ ಕೊಂಬು ಕು" ಎಂದೆ. ಅಕ್ಷರವನ್ನೇ ದಿಟ್ಟಿಸಿದಳು. "ಕೊಂಬು ತಲೆ ಮೇಲಲ್ವಾ ಇರೋದು? ಇದು ಪಕ್ಕದಲ್ಲಿದೆ. ಬಾಲ." ಐವತ್ತು ವರ್ಷ ಬರೆದಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲ.

ಮರುದಿನ 'ಸೂಯ್ರ' ಎಂದು ಬರೆದು ತಂದಳು. ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಯಕಾರದ ಬೆನ್ನ ಹಿಂದೆ ಅಡಗುವುದನ್ನು ಆರು ವರ್ಷದ ಮಗುವಿಗೆ ಹೇಗೆ ಒಪ್ಪಿಸುವುದು?

"ಅದು ಅರ್ಕಾವತ್ತು, ಪುಟ್ಟಿ."

"ಅರ್ಕ ಅಂದ್ರೆ?"

"ಸೂರ್ಯ."

"ಸೂರ್ಯ ಬರೆಯೋಕೆ ಬರಲ್ಲ ಅಂತ ತಾನೇ ಕೇಳಿದ್ದು!"

ಕಾಫಿ ಆರುತ್ತಿದೆ ಎಂದು ಒಳಗೆ ಎದ್ದುಹೋದೆ.